ಕಂಬಳಿ ಕೊಪ್ಪೆಯೊಳಗೆ ಯಾರಿದ್ದರು

ಮುದನಾಳ
೧೧ ಅಕ್ಟೋಬರ್ ೧೯೯೬, ಶುಕ್ರವಾರ

ಸಗರದ ಭಗವಂತರಾಯರಿಗೆ ಮಲಕಮ್ಮ ತಿಳಿಸುವುದೇನೆಂದರೆ,

ನಾನು ಕ್ಷೇಮವಾಗಿದ್ದೇನೆ. ನೀವೂ ಕ್ಷೇಮವಿರಬಹುದು. ಹೌದು, ಗಂಡನ ಹೆಸರು ಬರೆದಿದ್ದೇನೆ. ಏಳು ವರ್ಷ ಆ ಹೆಸರು ನನ್ನ ಬಾಯಿಂದ ಹೊರಟಿರಲಿಲ್ಲ. ರೇಷನ್ ಕಾರ್ಡಿನ ಗುಮಾಸ್ತರು ಯಜಮಾನರ ಹೆಸರೇನೆಂದು ಕೇಳಿದಾಗ, ಪಕ್ಕದಲ್ಲಿ ನಿಂತವಳ ಮೊಣಕೈ ತಿವಿದು ಅವಳ ಬಾಯಿಂದ ಹೇಳಿಸಿದವಳು ನಾನು. ಈಗ ನೀವು ನನ್ನ ಹೆಸರನ್ನು ಊರ ಕಟ್ಟೆಗೆ ಎಳೆದಿದ್ದೀರಿ. ನಿಮ್ಮದೂ ಅಲ್ಲಿಗೆ ಬರಲಿ ಎಂದು ಬರೆದೆ. ಬರೆದ ಮೇಲೆ ಏನೂ ಆಗಲಿಲ್ಲ, ಪೆನ್ನು ನೆಟ್ಟಗೆ ನಡೆಯುತ್ತಿದೆ.

ಈ ಪತ್ರ ನಿಮಗೆ ಅಂಚೆಯಲ್ಲಿ ಬರುವುದಿಲ್ಲ. ನಿಮ್ಮೂರ ಚಂದ್ರಾಮಪ್ಪ ಕಾಕಾ ನಾಳೆ ಯಾದಗಿರಿ ಬಜಾರಿಗೆ ಬಂದವರು ಮುದನಾಳಕ್ಕೂ ಬಂದು ಇದನ್ನು ಒಯ್ಯುತ್ತಾರೆ. ಸೋಮವಾರ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಪಂಚರೆಲ್ಲ ಕೂತಾದ ಮೇಲೆ ಅಂಟಿಸಿದ ಕವರನ್ನು ಹಾಗೇ ನಿಮ್ಮ ಕೈಗೆ ಕೊಡುತ್ತಾರೆ. ಓದಬೇಕಾದವರು ನೀವೇ. ಹತ್ತನೆಯ ತರಗತಿ ಪಾಸಾದವರು, ಊರಿನ ಅರ್ಜಿಗಳನ್ನೆಲ್ಲ ಓದಿ ಹೇಳುವವರು, ಹೆಂಡತಿಯ ಪತ್ರ ಓದಲು ನಾಚಿಕೆ ಯಾಕೆ? ಗಟ್ಟಿಯಾಗಿ ಓದಿ. ಒಂದು ಸಾಲೂ ಹಾರಿಸಬೇಡಿ. ನಡುವೆ ಮಡಿಚಿ ಜೇಬಿಗೆ ಇಟ್ಟುಕೊಳ್ಳುವ ಹಾಗೂ ಇಲ್ಲ, ಒಟ್ಟು ಎಷ್ಟು ಹಾಳೆ ಎಂದು ಕಾಕಾಗೆ ಹೇಳಿ ಕಳಿಸುತ್ತೇನೆ.

ನೀವು ಓದುವ ಹೊತ್ತಿಗೆ ನಾನು ಊರ ಹೊರಗೆ ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಕೂತಿರುತ್ತೇನೆ. ಒಬ್ಬಳೇ ಅಲ್ಲ. ನೀವು ಯಾರ ಹೆಸರು ಕೇಳುತ್ತಿದ್ದೀರೋ ಅವರೂ ನನ್ನ ಪಕ್ಕದಲ್ಲಿರುತ್ತಾರೆ. ಈ ಸುದ್ದಿ ಊರಿಗೆ ತಂದ ಖಂಡಪ್ಪನವರು ಬೇಕಾದರೆ ಈಗಲೇ ಎದ್ದು ಹೋಗಿ ನೋಡಿ ಬರಬಹುದು. ಆದರೆ ಅವರು ತಲೆ ಮುಚ್ಚಿ ಕಂಬಳಿ ಕೊಪ್ಪೆ ಹಾಕಿಕೊಂಡೇ ಕೂತಿರುತ್ತಾರೆ, ಆದ್ದರಿಂದ ಹೋಗಿ ಲಾಭವಿಲ್ಲ. ಕೂತು ಕೇಳುವುದು ಒಳ್ಳೆಯದು.

ಕಟ್ಟೆಯ ಮೇಲೆ ವಿಷಯ ಗೊತ್ತಿಲ್ಲದವರು ಯಾರಾದರೂ ಇದ್ದರೆ ಅವರಿಗಾಗಿ ಮೊದಲಿಂದ ಹೇಳುತ್ತೇನೆ. ಈ ತಿಂಗಳ ಮೂರನೆಯ ತಾರೀಖು, ಗುರುವಾರ, ನಾನು ಸುರಪುರದ ಗುಡ್ಡದ ಮೇಲಿದ್ದೆ. ಗೊಬ್ಬರ ಒಯ್ಯಲು ಬಂದಿದ್ದ ಖಂಡಪ್ಪನವರು ಕೆಳಗಿನ ದಾರಿಯಿಂದ ನನ್ನನ್ನು ನೋಡಿದರು. ನನ್ನ ಪಕ್ಕದಲ್ಲಿ ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಮೊಣಕಾಲಿನವರೆಗೆ ಹೊದ್ದ ಒಬ್ಬರಿದ್ದರು. ನನ್ನ ಕೈ ಅವರ ಹೆಗಲ ಮೇಲಿತ್ತು. ಇಷ್ಟು ನಿಜ. ಖಂಡಪ್ಪನವರು ಗೊಬ್ಬರದ ಚೀಲವನ್ನು ಅಂಗಡಿಯಲ್ಲೇ ಮರೆತು ಸಗರಕ್ಕೆ ಓಡಿದರಂತೆ. ಊರು ಮುಟ್ಟುವಾಗ ಕಂಬಳಿಯೊಳಗೆ ಒಬ್ಬ ಗಂಡಸು ಇದ್ದನಂತೆ, ಸಂಜೆಗೆ ಅವನಿಗೆ ಮೀಸೆ ಬಂತಂತೆ, ಮರುದಿನ ಅವನು ಲಿಂಗಸುಗೂರಿನ ಕಡೆಯ ಮೂವತ್ತು ವಯಸ್ಸಿನ ಕುರಿಗಾರನಾದನಂತೆ. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಅವನಿಗೆ ಮದುವೆಯನ್ನೂ ಮಾಡಿಸುತ್ತಿದ್ದರೇನೋ.

ಮಂಗಳವಾರ ಕಾಕಾ ಬಂದು ನಿಮ್ಮ ಮಾತು ಮುಟ್ಟಿಸಿದರು. ಸೋಮವಾರ ನಾನು ಕಟ್ಟೆಗೆ ಬಂದು ಬೀರಪ್ಪನ ಭಂಡಾರದ ಅರಿಶಿನ ಮುಟ್ಟಿ, ಆ ದಿನ ನಾನು ಯಾರ ಜೊತೆಗೂ ಇರಲಿಲ್ಲ ಎಂದು ಆಣೆ ಮಾಡಬೇಕು. ಮಾಡಿದರೆ ಮನೆಯ ಬಾಗಿಲು ತೆರೆದಿದೆ, ಕುರಿಯ ಮಾತು ಇನ್ನು ಎತ್ತಬಾರದು. ಮಾಡದಿದ್ದರೆ ಅಲ್ಲೇ ಸೋಡಚೀಟಿ ಬರೆದು ನನ್ನನ್ನು ಬಿಟ್ಟುಬಿಡುತ್ತೀರಿ. ನಾನು ಕಾಕಾಗೆ ಮಜ್ಜಿಗೆ ಕೊಟ್ಟು, ಉತ್ತರ ಬರೆದು ಕಳಿಸುತ್ತೇನೆ ಎಂದೆ. ಅವರು ಹೋದ ಮೇಲೆ ನನ್ನಪ್ಪ, ಒಂದೇ ಮಾತಲ್ಲವೇನವ್ವ, ಮುಟ್ಟಿ ಹೇಳಿಬಿಡು, ಬಾಳೇವು ಉಳಿಯುತ್ತದೆ ಎಂದ. ಅಪ್ಪ ಹಾಗೆಂದಾಗ ನನಗೆ ಅಳು ಬಂತು. ಅವನಿಗೂ ಮಗಳಿಗಿಂತ ಊರಿನ ಬಾಯಿಯ ಹೆದರಿಕೆ ದೊಡ್ಡದಾಯಿತಲ್ಲ ಎಂದು ಸಂಕಟವಾಯಿತು.

ನಾನು ಭಂಡಾರ ಮುಟ್ಟುವುದಿಲ್ಲ. ಯಾಕೆಂದರೆ ನಾನು ಒಬ್ಬರ ಜೊತೆಗೆ ಇದ್ದೆ. ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ, ಬೀರಪ್ಪನ ಮುಂದೆ ಸುಳ್ಳು ಹೇಳಿ ನಿಮ್ಮ ರೊಟ್ಟಿ ಬಡಿಯುವುದು ನನಗೆ ಬೇಕಿಲ್ಲ. ಇನ್ನೊಂದು ಕಾರಣವೂ ಇದೆ. ಪಂಚಮಿಯಲ್ಲಿ ನೀವು ನನ್ನ ಕುರಿ ಮಾರಿದಾಗ ಯಾರೂ ನಿಮಗೆ ಭಂಡಾರ ಮುಟ್ಟೆಂದು ಹೇಳಲಿಲ್ಲ. ನಿಮಗಿಲ್ಲದ ಆಣೆ ನನಗೆ ಯಾಕೆ?

ಅತ್ತೆಯವರು ಮಗಳ ಮನೆಗೆಂದು ಇದೇ ಮುದನಾಳಕ್ಕೆ ಬಂದು ಹದಿನೈದು ದಿನವಾಯಿತು. ಅವರಿಗೆ ನಾನು ಇಲ್ಲಸಲ್ಲದ್ದು ಹೇಳಿ ಕಿವಿ ತುಂಬಿದ್ದೇನೆಂದು ನೀವು ಅನುಮಾನ ಪಡಬಹುದು. ನಾದಿನಿಯ ಮನೆಯ ಹೊಸ್ತಿಲನ್ನು ನಾನು ತುಳಿದಿಲ್ಲ. ಇದಕ್ಕೆ ಬೇಕಾದರೆ ಆಣೆ ಮಾಡುತ್ತೇನೆ.

ಈಗ ಎಲ್ಲರೂ ಕೇಳುತ್ತಿರುವ ಪ್ರಶ್ನೆಗೆ ಬರೋಣ. ಸಂಸಾರಸ್ಥ ಹೆಂಗಸಿಗೆ ಊರೂರು ತಿರುಗಿ ಕೋಟೆ ನೋಡುವ ಉಸಾಬರಿ ಯಾಕೆ? ಅದಕ್ಕೆ ಉತ್ತರ ನಿಮ್ಮಲ್ಲೇ ಇದೆ. ನಮ್ಮ ಮದುವೆಯಾದ ಮರುವರ್ಷ ಕಾಲುವೆಗೆ ಮೊದಲ ಸಲ ನೀರು ಬಿಟ್ಟರು. ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಮೊದಲು ಕಸ ಕಡ್ಡಿ ತೇಲಿ ಬಂತು, ಹಿಂದೆ ಕೆಂಪು ನೀರು ಬಂತು. ನೀವು ಇಳಿದು ಬೊಗಸೆಯಲ್ಲಿ ನೀರು ತಂದು ನನ್ನ ಕೈಗೆ ಸುರಿದಿರಿ. ಮೊದಲ ಬೆಳೆ ಬರಲಿ, ನಿನ್ನನ್ನು ಸುರಪುರ ತೋರಿಸುತ್ತೇನೆ, ಯಾದಗಿರಿ ಕೋಟೆ ಹತ್ತಿಸುತ್ತೇನೆ, ಶಹಾಪುರದಲ್ಲಿ ಮಲಗಿದ ಬುದ್ಧನನ್ನು ತೋರಿಸುತ್ತೇನೆ ಎಂದಿರಿ. ನಾನು ಕೇಳಿರಲಿಲ್ಲ. ನೀವಾಗಿಯೇ ಹೇಳಿದಿರಿ. ಆ ದಿನ ನಿಮ್ಮ ಮುಖ ಎಷ್ಟು ಚೆನ್ನಾಗಿತ್ತೆಂದರೆ ನಾನು ಈಗಲೂ ಅದನ್ನು ಮರೆತಿಲ್ಲ.

ಆಮೇಲೆ ಏನಾಯಿತು ಎಂದು ನಿಮಗೂ ಗೊತ್ತು. ಶ್ರಾವಣದಲ್ಲಿ ಕೇಳಿದರೆ, ಕಾಲುವೆಗೆ ನೀರು ಬಿಟ್ಟಾರ, ನಾಟಿ ಅದ ಎನ್ನುತ್ತಿದ್ದಿರಿ. ದೀಪಾವಳಿಗೆ ಕೇಳಿದರೆ ರಾಶಿ ಇತ್ತು. ಸಂಕ್ರಾಂತಿಗೆ ಎರಡನೆಯ ಬೆಳೆ ಇತ್ತು. ಬೇಸಿಗೆಯಲ್ಲಿ ಕಾಲುವೆಯ ನೀರು ನಿಂತಾಗ ಕೇಳಿದರೆ, ಈ ಬಿಸಿಲಾಗ ಯಾರು ಗುಡ್ಡ ಹತ್ತಾರ ಎಂದಿರಿ. ಕಾಲುವೆ ಬರುವ ಮೊದಲು ನಮ್ಮವರು ಕುರಿಯ ಹಿಂದೆ ನಾಲ್ಕು ತಾಲ್ಲೂಕು ನೋಡುತ್ತಿದ್ದರು. ನೀರು ಬಂದ ಮೇಲೆ ನಾನು ನೋಡಿದ್ದು ಕೆಸರು ಮತ್ತು ನನ್ನ ಕಾಲು. ನೀರನ್ನು ಬೈಯುವುದಿಲ್ಲ, ಅದರಿಂದ ಅನ್ನ ಕಂಡಿದ್ದೇವೆ. ಅದು ನಿಮ್ಮ ತಲೆಗೆ ಏರಿದ್ದನ್ನು ಮಾತ್ರ ಹೇಳುತ್ತಿದ್ದೇನೆ.

ಕುರಿಯ ಮಾತನ್ನು ಎತ್ತಬಾರದು ಎಂದಿದ್ದೀರಿ, ಎತ್ತುತ್ತೇನೆ. ನಮ್ಮ ಕುರಿಗಾರ ಮಂದಿಯಲ್ಲಿ ಹೆಣ್ಣು ಕೊಡುವಾಗ ತವರಿನವರು ಬಳುವಳಿ ಕೊಟ್ಟ ಕುರಿ ಹೆಣ್ಣಿನದು. ಅದರ ಮರಿಯೂ ಅವಳದು, ಮರಿಯ ಮರಿಯೂ ಅವಳದು. ಗಂಡ ಕಾಯಬಹುದು, ಉಣ್ಣೆ ಕತ್ತರಿಸಬಹುದು, ಕೇಳದೆ ಮಾರುವಂತಿಲ್ಲ. ಕಟ್ಟೆಯ ಮೇಲೆ ಕೂತ ಹಿರಿಯರೆಲ್ಲರಿಗೂ ಇದು ಗೊತ್ತು, ಅವರ ಮನೆಗಳಲ್ಲೂ ಹೀಗೇ ನಡೆದಿದೆ. ಅದಕ್ಕೇ ಕಿವಿಯ ಗುರುತು ಬೇರೆ. ನಿಮ್ಮ ಕುರಿಗೆ ಬಲಗಿವಿಯ ತುದಿ ಕತ್ತರಿಸಿದೆ. ನನ್ನವಕ್ಕೆ ಎಡಗಿವಿಯ ಅಂಚಿನಲ್ಲಿ ಎರಡು ಕಚ್ಚು. ನಮ್ಮಪ್ಪ ಎರಡು ಕುರಿ ಕೊಟ್ಟಿದ್ದ, ಏಳು ವರ್ಷದಲ್ಲಿ ಹತ್ತೊಂಬತ್ತಾಗಿದ್ದವು. ಪ್ರತಿ ಮರಿಗೂ ಅತ್ತೆಯವರೇ ಕಚ್ಚು ಹಾಕಿ ಅರಿಶಿನ ಹಚ್ಚುತ್ತಿದ್ದರು.

ಪಂಚಮಿಗೆ ಅಣ್ಣ ಕರೆಯಲು ಬಂದ, ತವರಿಗೆ ಹೋದೆ. ಉಂಡಿ ತಿಂದು ಜೋಕಾಲಿ ಆಡಿ ಎಂಟು ದಿನಕ್ಕೆ ತಿರುಗಿ ಬಂದರೆ ದಡ್ಡಿಯಲ್ಲಿ ಒಂದು ಕುರಿ ಇಲ್ಲ. ದಡ್ಡಿಯ ಬೇಲಿಯೂ ಇಲ್ಲ, ಟ್ರ್ಯಾಕ್ಟರು ಬಂದು ಆ ಜಾಗವನ್ನು ಗದ್ದೆಯ ಮಟ್ಟಕ್ಕೆ ಇಳಿಸುತ್ತಿತ್ತು. ನಿಮ್ಮವನ್ನು ನೀವು ಮಾರಿದ್ದಕ್ಕೆ ನಾನು ತಕರಾರು ಮಾಡಲಿಲ್ಲ. ನನ್ನವು ಎಲ್ಲಿ ಎಂದು ಕೇಳಿದೆ, ಅಷ್ಟೇ. ನೀವು ನಕ್ಕು ಹೇಳಿದ ಮಾತು ಇದು:

"ನಿನ್ನವು ನನ್ನವು ಅಂತ ಕುರಿ ಮೈಮ್ಯಾಗ ಬರಕೊಂಡಾವೇನು?"

ಬರೆದುಕೊಂಡಿದ್ದವು. ಕಿವಿಯ ಮೇಲೆ ಬರೆದುಕೊಂಡಿದ್ದವು. ಹತ್ತನೆಯ ತರಗತಿ ಓದಿದವರಿಗೆ ಅಷ್ಟು ಓದಲು ಬರಲಿಲ್ಲ. ಆ ಸಂಜೆಯೇ ನಾನು ಮುದನಾಳದ ಬಸ್ಸು ಹತ್ತಿದೆ. ಆಮೇಲೆ ನಾಲ್ಕು ಸಲ ಹೇಳಿಕಳಿಸಿದೆ. ಕುರಿ ತಿರುಗಿ ಕೊಡಿ ಎಂದಲ್ಲ, ಅವು ಎಲ್ಲಿಯವರೆಗೆ ಹೋದವೋ ಯಾರಿಗೆ ಗೊತ್ತು. ನಾಲ್ಕು ಮಂದಿಯ ಮುಂದೆ ಅವು ಮಲಕಮ್ಮನವು, ನಾನು ಕೇಳದೆ ಮಾರಿದೆ ಎಂದು ಒಂದು ಮಾತು ಹೇಳಿ, ಬರುತ್ತೇನೆ ಎಂದೆ. ಆ ಮಾತು ನಿಮ್ಮ ಬಾಯಿಂದ ಹೊರಡಲಿಲ್ಲ. ನನ್ನ ಬಾಯಿಂದ ನಿಮ್ಮ ಹೆಸರು ಹೊರಟಿತು ನೋಡಿ.

ಹೀಗಿರುವಾಗ ಹೋದ ವಾರ ಒಬ್ಬರು ನಮ್ಮ ಮನೆಗೆ ಬಂದರು. ಹೆಗಲ ಮೇಲೆ ಹಳೆಯ ಕಂಬಳಿ. ನಾನು ಮುಖ ತಿರುಗಿಸಿ ಒಳಗೆ ಹೋದೆ. ಅವರು ಅಂಗಳದಲ್ಲೇ ಕೂತರು, ನೀರು ಕೂಡ ಕೇಳಲಿಲ್ಲ. ಒಂದು ತಾಸಾದ ಮೇಲೆ ಹೊರಗೆ ಬಂದೆ. ನಿನ್ನ ಗಂಡ ಏನೇನು ತೋರಿಸುತ್ತೇನೆ ಅಂದಿದ್ದ ಎಂದು ಕೇಳಿದರು. ಹೇಳಿದೆ. ನಡೆ, ನಾಳೆ ನೋಡೋಣ, ನಾನೂ ನೋಡಿಲ್ಲ ಎಂದರು. ನನಗೆ ಸಿಟ್ಟಿತ್ತು, ಅವರ ಮೇಲೆಯೂ ಇತ್ತು. ಆದರೂ ಹೋಗಬೇಕೆನಿಸಿತು. ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಕಟ್ಟಿಕೊಂಡೆ. ಅವರಿಗೆ ಹಲ್ಲಿಲ್ಲದ ಕಡೆ ನೋಯುತ್ತದೆಂದು ಎರಡು ರೊಟ್ಟಿ ಮೆತ್ತಗೆ ಬೇಯಿಸಿದೆ. ಖಂಡಪ್ಪನವರೇ, ಮೂವತ್ತು ವಯಸ್ಸು ಎಂದಿದ್ದಿರಲ್ಲ, ಹಲ್ಲಿನ ಲೆಕ್ಕ ನೀವೇ ಸರಿಮಾಡಿಕೊಳ್ಳಿ.

ಬೆಳಿಗ್ಗೆ ಯಾದಗಿರಿ ಕೋಟೆ. ಹುಟ್ಟಿದಾಗಿನಿಂದ ಕೆಳಗಿನಿಂದ ನೋಡಿದ ಕೋಟೆಯನ್ನು ಮೊದಲ ಸಲ ಹತ್ತಿದೆ. ಮೆಟ್ಟಿಲು ಕಡಿದಾಗಿವೆ. ಜೊತೆಗಾರರು ನನ್ನ ಕೈ ಹಿಡಿದುಕೊಂಡೇ ಹತ್ತಿದರು. ಇದನ್ನು ಖಂಡಪ್ಪನವರು ನೋಡಿಲ್ಲ, ನಾನೇ ಹೇಳುತ್ತಿದ್ದೇನೆ. ಬಾಗಿಲು ದಾಟಿದರೆ ಇನ್ನೊಂದು ಬಾಗಿಲು, ಅದನ್ನು ದಾಟಿದರೆ ಮತ್ತೊಂದು. ಮೇಲೆ ಮಸೀದಿ ಇದೆ, ಗುಡಿ ಇದೆ, ಬಂಡೆಯಲ್ಲಿ ಕೊರೆದ ಹೊಂಡಗಳಿವೆ, ಉದ್ದನೆಯ ತೋಪು ಮಳೆ ಬಿಸಿಲಿಗೆ ಬಾಯಿ ತೆರೆದು ಬಿದ್ದಿದೆ. ಯಾದವರು ಆಳಿದರಂತೆ, ಬಹಮನಿಯವರು, ಬಿಜಾಪುರದವರು, ಆಮೇಲೆ ನಿಜಾಮ. ಯಾರು ಆಳಿದರೂ ಆ ಹೊಂಡದಿಂದ ನೀರು ಹೊತ್ತವರು ಹೆಂಗಸರೇ ಇರಬೇಕು ಎಂದು ನನಗನಿಸಿತು. ತೋಪಿನ ಮೇಲೆ ಕೂತು ರೊಟ್ಟಿ ತಿಂದೆವು. ಜೊತೆಗಾರರು ತೋಪಿನ ಬಾಯಿಯನ್ನು ಕೈಯಿಂದ ಸವರಿ, ಇದರೊಳಗೆ ಗುಬ್ಬಿ ಗೂಡು ಕಟ್ಟಿದೆ ನೋಡು ಎಂದು ಸಣ್ಣ ಮಕ್ಕಳ ಹಾಗೆ ನಕ್ಕರು. ಅವರು ನಕ್ಕದ್ದನ್ನು ನಾನ್ಯಾವತ್ತೂ ಕಂಡಿರಲಿಲ್ಲ.

ಅಲ್ಲಿಂದ ಭೀಮಾ ಸೇತುವೆ ದಾಟಿ ಶಹಾಪುರ. ಊರು ಹತ್ತಿರ ಬಂದಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಯಾರೋ ಕಿಟಕಿಯ ಕಡೆ ಬೆರಳು ಮಾಡಿದರು. ನಮ್ಮ ಗದ್ದೆಯಿಂದ ದಿನಾ ಕಾಣುವ ಗುಡ್ಡವೇ ಅದು. ಗದ್ದೆಯಿಂದ ಬರೀ ಕಲ್ಲಿನ ರಾಶಿ. ರಸ್ತೆಯಿಂದ ನೋಡಿದರೆ ಹಣೆ, ಮೂಗು, ತುಟಿ, ಗದ್ದ, ಎದೆ, ಎಲ್ಲ ಸ್ಪಷ್ಟ. ಬುದ್ಧ ಅಂಗಾತ ಮಲಗಿದ್ದಾನೆ. ಅದೇ ಬಸ್ಸಿನಲ್ಲಿ ಬಿಳಿ ಸೀರೆ ಉಟ್ಟ ಮುದುಕಿಯೊಬ್ಬರು ಕೂತಲ್ಲೇ ಕೈಮುಗಿದರು, ತಮ್ಮ ಕೇರಿಯವರು ವರ್ಷಕ್ಕೊಮ್ಮೆ ನಡೆದು ಬಂದು ಇಲ್ಲಿ ದೀಪ ಹಚ್ಚುತ್ತೇವೆ ಎಂದರು. ನನ್ನ ಜೊತೆಗಾರರು ಕುತ್ತಿಗೆ ತಿರುಗಿಸಿ ಗುಡ್ಡ ಮರೆಯಾಗುವವರೆಗೂ ನೋಡಿದರು. ಆಮೇಲೆ, ಇದರ ಬುಡದಲ್ಲೇ ಇಷ್ಟು ವರ್ಷ ಬಾಳೇವು ಮಾಡಿದೆ, ಇವನು ಮಲಗಿದ್ದಾನೆಂದು ಗೊತ್ತೇ ಇರಲಿಲ್ಲ ಎಂದರು. ಹೌದು, ಅವರು ಸಗರದವರೇ. ಕಟ್ಟೆಯ ಮೇಲೆ ಈಗ ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತೀರಿ, ನೋಡಿ. ಯಾರೂ ಹೆದರಬೇಕಾಗಿಲ್ಲ. ಓದುವವರು ಒಂದು ಗುಟುಕು ನೀರು ಕುಡಿದು ಮುಂದೆ ಓದಲಿ.

ಮಧ್ಯಾಹ್ನ ಸುರಪುರ ಮುಟ್ಟಿದೆವು. ಏರು ತಗ್ಗಿನ ಸಣ್ಣ ಓಣಿಗಳು, ಎಲ್ಲಿ ನಿಂತರೂ ತಲೆಯ ಮೇಲೊಂದು ಗುಡ್ಡ. ಅರಮನೆಯ ಹೆಬ್ಬಾಗಿಲು ನೋಡಿದೆವು, ಗೋಪಾಲಸ್ವಾಮಿ ಗುಡಿಯಲ್ಲಿ ತೀರ್ಥ ತೆಗೆದುಕೊಂಡೆವು. ಬಸ್ ಸ್ಟ್ಯಾಂಡಿನ ಹತ್ತಿರ ಬಾಷುಮಿಯಾ ಎಂಬವರ ಸಣ್ಣ ಹೋಟೆಲಿದೆ. ನಮ್ಮ ಮನೆಯ ಹೆಂಗಸರು ಹೋಟೆಲಿನ ಬೆಂಚಿನ ಮೇಲೆ ಕೂತವರಲ್ಲ. ನಾನು ಕೂತೆ. ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಿಂದು ಎರಡು ಕಪ್ಪು ಚಹಾ ಕುಡಿದೆ. ಇಂಗ್ಲಿಷರ ಫೌಜು ಬಂದು ಬಗ್ಗೆಂದರೂ ಬಗ್ಗದ ನಾಯಕ ಅರಸರ ಊರು ಇದು ಎಂದು ಬಾಷುಮಿಯಾ ಎದೆ ಮುಂದೆ ಮಾಡಿ ಹೇಳಿದರು, ಅವರೇ ಹೋಗಿ ಯುದ್ಧ ಮಾಡಿ ಬಂದ ಹಾಗೆ. ನನಗೆ ಆ ಊರು ಬಹಳ ಹಿಡಿಸಿತು.

ಮೇಲೆ ಗುಡ್ಡದಲ್ಲಿ ಟೇಲರ್ ಸಾಹೇಬ ಎಂಬ ಬಿಳಿಯ ಅಧಿಕಾರಿ ಕಟ್ಟಿಸಿದ ಬಂಗಲೆ ಇದೆ, ಟೇಲರ್ ಮಂಜಿಲ್ ಎನ್ನುತ್ತಾರೆ. ಅದನ್ನು ನೋಡಲು ಹತ್ತುವಾಗ ಹಸ್ತಾ ಮಳೆ ಹಿಡಿಯಿತು. ಜೊತೆಗಾರರು ಕಂಬಳಿಯನ್ನು ಕೊಡವಿ, ಒಂದು ಮೂಲೆಯನ್ನು ಒಳಗೆ ಮಡಚಿ, ಸರಕ್ಕನೆ ಕೊಪ್ಪೆ ಮಾಡಿ ಹಾಕಿಕೊಂಡರು. ನನ್ನನ್ನೂ ಒಳಗೆ ಕರೆದರು, ನಾನು ಮಳೆಯಲ್ಲೇ ನಿಂತೆ. ಅಷ್ಟರಲ್ಲಿ ಬಂಡೆಯ ಮರೆಯಿಂದ ಒಂದು ಹಿಂಡು ಇಳಿದು ಬಂತು. ಹಿಂಡಿನ ನಡುವೆ ಹಣೆಯ ಮೇಲೆ ಬಿಳಿ ಚುಕ್ಕೆಯ ಒಂದು ಕುರಿ ನಿಂತುಬಿಟ್ಟಿತು. ನಾನು ದಡ್ಡಿಯಲ್ಲಿ ಕರೆಯುವ ಹಾಗೆ ನಾಲಿಗೆ ಲೊಚಗುಟ್ಟಿದೆ. ಅದು ಓಡಿಬಂದು ನನ್ನ ಮಡಿಲಿಗೆ ಮೂತಿ ತುರುಕಿತು.

ನಮ್ಮಪ್ಪ ಕೊಟ್ಟ ಮೊದಲ ಕುರಿಯ ಮೊಮ್ಮಗಳು, ಚುಕ್ಕಿ. ನೀವು ಅದನ್ನು ಮರೆತಿರಬಹುದು. ಹುಟ್ಟಿದ ವಾರ ಅದಕ್ಕೆ ತಾಯಿ ಹಾಲು ಬಿಡಲಿಲ್ಲ, ನಾನು ಬತ್ತಿಯಲ್ಲಿ ಅದ್ದಿ ಹಾಲು ಕುಡಿಸಿದ್ದೆ.

ಜೊತೆಗಾರರು ನನಗಿಂತ ಮೊದಲು ಅದರ ಎಡಗಿವಿ ಹಿಡಿದರು. ಹಿಂಡು ಕಾಯುವವರು ಏನೋ ಕಳವಿನ ತಕರಾರು ಬಂತೆಂದು ಓಡಿ ಬಂದು, ಪಂಚಮಿಯ ವಾರ ಶಹಾಪುರದ ಸಂತೆಯಲ್ಲಿ ಸಗರದ ಭಗವಂತರಾಯರಿಂದ ಕೊಂಡದ್ದು, ನಿಮ್ಮವೇನು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಕೊಪ್ಪೆಯೊಳಗಿಂದ ಉತ್ತರ ಬಂತು:

"ಇಕಿವು. ಕಿವಿ ನೋಡು."

ಅಷ್ಟೇ ಮಾತು. ಆ ಮಾತಿಗಾಗಿ ನಾನು ಪಂಚಮಿಯಿಂದ ಕಾದಿದ್ದೆ. ನಿಮ್ಮ ಬಾಯಿಂದ ಬರಲಿ ಎಂದು ಕಾದಿದ್ದೆ, ಬೇರೆಯವರ ಬಾಯಿಂದ ಬಂತು. ಹೇಳಿದವರು ಕುರಿಯ ಕಿವಿ ಬಿಡದೆ ಗಳಗಳ ಅತ್ತರು. ನಾನು ಅವರ ಹೆಗಲ ಮೇಲೆ ಕೈ ಇಟ್ಟೆ. ಖಂಡಪ್ಪನವರು ಕೆಳಗಿನಿಂದ ನೋಡಿದ್ದು ಆ ಹೊತ್ತಿಗೆ. ಕುರಿಯೂ ಇತ್ತು, ಅದು ಅವರ ಕಣ್ಣಿಗೆ ಬೀಳಲಿಲ್ಲ. ಇಷ್ಟು ದೊಡ್ಡ ಹಿಂಡು ಕಾಣಲಿಲ್ಲ, ಒಂದು ಕೈ ಕಂಡಿತು.

ಚುಕ್ಕಿಯನ್ನು ನಾವು ಕೇಳಲಿಲ್ಲ. ಕೊಂಡವರ ತಪ್ಪೇನಿದೆ? ಮೈ ತುಂಬಿಕೊಂಡಿದೆ, ಗಬ್ಬವಾಗಿದೆ. ಅದು ಹಿಂಡಿನ ಜೊತೆ ಇಳಿದು ಹೋಗುವಾಗ ಎರಡು ಸಲ ತಿರುಗಿ ನೋಡಿತು, ನಾನು ಮತ್ತೆ ಕರೆಯಲಿಲ್ಲ. ಬಂಗಲೆಯನ್ನೂ ನೋಡಿಯೇ ಬಂದೆವು, ಹೋದದ್ದೇ ಅದಕ್ಕೆ. ಒದ್ದೆಯಾಗಿ ಕೆಳಗಿಳಿದಾಗ ಬಾಷುಮಿಯಾ ಕಂಬಳಿಯನ್ನು ಒಲೆಯ ಹತ್ತಿರ ಹರವಿದರು. ಕೊಪ್ಪೆ ತೆಗೆದ ಮುಖವನ್ನು ನೋಡಿದ ಸಾಕ್ಷಿ ಅವರು, ಯಾರಿಗೆ ಅನುಮಾನವಿದೆಯೋ ಅವರು ಸುರಪುರಕ್ಕೆ ಹೋಗಿ ಕೇಳಬಹುದು. ಅಲ್ಲಿ ಚಹಾ ಆರುವವರೆಗೆ ಜೊತೆಗಾರರು ನನ್ನ ಮುಂದೆ ತಮ್ಮ ತಪ್ಪೊಂದನ್ನು ಒಪ್ಪಿಕೊಂಡರು. ಅದು ಅವರ ಮಾತು, ನಾನು ಹೇಳುವುದಿಲ್ಲ. ನನ್ನ ಸಿಟ್ಟು ಅಲ್ಲಿಯೇ ಇಳಿಯಿತು ಎಂದಷ್ಟೇ ಹೇಳುತ್ತೇನೆ. ತಪ್ಪು ಒಪ್ಪಿಕೊಂಡರೆ ಯಾರೂ ಚಿಕ್ಕವರಾಗುವುದಿಲ್ಲ ಎಂದು ಆ ಮುಖ ನೋಡಿ ಗೊತ್ತಾಯಿತು.

ಈಗ ನನ್ನ ತೀರ್ಮಾನ ಕೇಳಿ. ಸೋಡಚೀಟಿ ಬರೆಯುವುದಾದರೆ ಬರೆಯಿರಿ, ನಾನು ಕೈ ಹಿಡಿಯುವುದಿಲ್ಲ. ಆದರೆ ಕಾರಣ ಬರೆಯುವ ಸಾಲಿನಲ್ಲಿ ಕಂಬಳಿಯ ಕಥೆ ಬರೆಯಬೇಡಿ. ಹೆಂಡತಿಯ ಕುರಿಯನ್ನು ಕೇಳದೆ ಮಾರಿದೆ, ಅವಳು ಕೇಳಿದಳು, ನನಗೆ ತಡೆಯಲಾಗಲಿಲ್ಲ ಎಂದು ಬರೆಯಿರಿ. ಪಂಚರು ಅದಕ್ಕೆ ಹೆಬ್ಬೆಟ್ಟು ಒತ್ತುತ್ತಾರೇನೋ ನೋಡೋಣ. ಬರೆಯದಿದ್ದರೆ ಎದ್ದು ನಿಂತು ಆ ಒಂದು ಮಾತು ಹೇಳಿ. ಹೇಳಿದರೆ ನಾನು ಇದೇ ಬೇವಿನ ಮರದ ಕೆಳಗಿನಿಂದ ಎದ್ದು ಮನೆಗೆ ಬರುತ್ತೇನೆ, ಗಂಟು ಮೂಟೆ ತಂದೇ ಕೂತಿದ್ದೇನೆ. ನಿಮ್ಮ ಮೇಲೆ ಮನಸ್ಸಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆ ಬೊಗಸೆ ನೀರು ನನ್ನ ಕೈಯಲ್ಲಿ ಇನ್ನೂ ತಣ್ಣಗೆ ಇದೆ. ಆದರೆ ತಲೆ ಬಗ್ಗಿಸಿ ಬರುವುದಿಲ್ಲ. ಹೇಳದಿದ್ದರೆ ನಾಲ್ಕು ಗಂಟೆಯ ಬಸ್ಸಿಗೆ ತಿರುಗಿ ಹೋಗುತ್ತೇನೆ, ಮುಂದಿನ ತಿಂಗಳು ಬಿಜಾಪುರದ ಗೋಳಗುಮ್ಮಟ ನೋಡಲು ಹೋಗುವುದೆಂದು ನಾವಿಬ್ಬರೂ ಆಗಲೇ ಮಾತಾಡಿಕೊಂಡಿದ್ದೇವೆ. ಖಂಡಪ್ಪನವರಿಗೆ ಈಗಲೇ ತಿಳಿಸಿದ್ದೇನೆ, ಓಡಿ ಬರುವ ತೊಂದರೆ ಬೇಡ.

ಎಡಗಿವಿಗೆ ಎರಡು ಕಚ್ಚಿನ ಹತ್ತೊಂಬತ್ತು ಕುರಿಗಳ ಒಡತಿ,
ಮಲಕಮ್ಮ

ತಾ.ಕ. ಕವರಿಗೆ ಗೋಂದು ಹಚ್ಚುವಾಗ ಜೊತೆಗಾರರು ನನ್ನ ಕೈ ತಡೆದು, ತಮ್ಮದೂ ನಾಲ್ಕು ಮಾತು ಬರೆಯೆಂದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ನಿಲ್ಲಿಸದೆ ಓದಿ.

"ಭಗವಂತಾ, ನಾ ನಿಮ್ಮವ್ವ ಭೀಮಮ್ಮ ಬರಸಾಕತ್ತೀನಿ. ಖಂಡಪ್ಪ ನೋಡಿದ ಗಂಡಸು ನಾನೇ. ಕಂಬಳಿ ನಿಮ್ಮಪ್ಪಂದು. ಗುಡ್ಡ ಹತ್ತಾಕ ಸೀರಿ ಮ್ಯಾಲ ಕಟ್ಟಿದ್ದೆ, ಮಳಿ ಬಂತು, ಕೊಪ್ಪಿ ಹಾಕೊಂಡೆ. ಮೂವತ್ತು ವರ್ಷ ನಿಮ್ಮಪ್ಪನ ಸಂಗಾಟ ಅಡವ್ಯಾಗ ಕುರಿ ಕಾದೀನಿ, ಮಳ್ಯಾಗ ಹೆಂಗ ಹೊದಿಬೇಕು ಅಂತ ನನಗ ಯಾರೂ ಕಲಸಬೇಕಾಗಿಲ್ಲ. ಕುರಿ ಮಾರೋ ದಿನ ನಾ ದಡ್ಡಿ ಬಾಗಲದಾಗ ನಿಂತಿದ್ದೆ. ಇಕಿವು ಬಿಡು, ಇಕಿ ಬರಲಿ ಅನ್ನಬೇಕಾಗಿತ್ತು. ಮಗ ಅಂದೆ, ಬಾಯಿ ಮುಚಗೊಂಡೆ. ಅದು ನನ್ನ ತಪ್ಪು. ಇಕಿ ಮುಂದ ಒಪ್ಪೀನಿ, ಈಗ ಮಂದಿ ಮುಂದೂ ಒಪ್ತೀನಿ. ನೀ ಒಪ್ಪೋತನಕ ನಾನೂ ಮನಿಗಿ ಬರಾಂಗಿಲ್ಲ, ನಿನ್ನ ರೊಟ್ಟಿ ನೀ ಬಡ್ಕೊ. ಬೇವಿನ ಗಿಡದ ಬುಡಕ ಇಕಿ ಮಗ್ಗಲಾಗ ಕುಂತೀನಿ, ಈಗ ಎದ್ದು ಬರತೀನಿ. ಭಂಡಾರದ ತಟ್ಟಿ ಎತ್ತಿ ಇಡಬ್ಯಾಡ್ರಿ. ಮಲಕಮ್ಮ ಮುಟ್ಟಾಂಗಿಲ್ಲ. ನಾ ಮುಟ್ಟಿ ಹೇಳತೀನಿ, ಕಂಬಳ್ಯಾಗ ಯಾರಿದ್ರು ಅಂತ. ಆಮ್ಯಾಲ ನೀ ಮುಟ್ಟಬೇಕು. ಮುಟ್ಟಿ ಹೇಳಬೇಕು, ಆ ಕುರಿ ಯಾರವು ಅಂತ."

ಭೀಮಮ್ಮ, ಎಡಗೈ ಹೆಬ್ಬೆಟ್ಟು